ಹಳೆ ಸಿನಿಮಾದೊಳಗೆ ಒಂದು ದೆವ್ವ ಬಿಟ್ಟು ನಗಿಸುವುದು ಹೇಗೆ: ಕಕ್ಕಡದ ಮಳೆಗೊಂದು ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಜುಲೈ ಬಂತೆಂದರೆ, ಅಂದರೆ ಕಕ್ಕಡ ಅನ್ನುವ ಮಳೆ ತಿಂಗಳು ಶುರುವಾಯಿತೆಂದರೆ, ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಹೋಗುತ್ತದೆ, ಮಧ್ಯಾಹ್ನವೇ ಮಬ್ಬು ಕವಿಯುತ್ತದೆ. ಮನೆಮಂದಿಯೆಲ್ಲ ಬೆಂಕಿ ಕಾಯಿಸುತ್ತಾ ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. ಆ ಹೊತ್ತಿಗೆ ಹೇಳಿ ಮಾಡಿಸಿದ ಆಟ ಇದು. ಎಲ್ಲರೂ ನೋಡಿರುವ ಒಂದು ಹಳೆ ಸಿನಿಮಾ ತಗೊಳ್ಳಿ. ಅದರೊಳಗೆ ಒಂದು ದೆವ್ವ ಬಿಡಿ. ಮುಂದೇನಾಗುತ್ತದೆ ಅಂತ ಹೇಳುತ್ತಾ ಹೋಗಿ. ಬಾಯಲ್ಲಿ ಹೇಳಬಹುದು, ಬರೆದು ಓದಬಹುದು, ಕರೆಂಟ್ ಬಂದ ಮೇಲೆ ಪೋಸ್ಟರ್ ಮಾಡಿ ಗೆಳೆಯರಿಗೆ ಕಳಿಸಬಹುದು.

ಇದನ್ನು ಜಾಸ್ತಿ ಜನ ಕೆಡಿಸುವುದು ಒಂದೇ ರೀತಿಯಲ್ಲಿ. ಹೀರೋಗೆ ಎರಡು ಕೋರೆಹಲ್ಲು ಹಚ್ಚುತ್ತಾರೆ, ಕಿರುಚಿಸುತ್ತಾರೆ, ಮುಗಿಯಿತು. ಮೊದಲ ನಿಮಿಷ ನಗು ಬರುತ್ತದೆ, ಆಮೇಲೆ ಏನೂ ಇಲ್ಲ. ಇಡೀ ಮಾರ್ಗದರ್ಶಿಯಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಒಂದೇ ಮಾತು: ಸಿನಿಮಾದ ಸ್ವಭಾವ ಬದಲಾಗಬಾರದು. ಹೀರೋ ಮೊದಲು ಹೇಗಿದ್ದನೋ ಹಾಗೇ ಇರಬೇಕು. ದೆವ್ವವೂ ತನ್ನ ನಿಯಮ ಬಿಡಬಾರದು. ಇಬ್ಬರೂ ಒಂದೇ ಮನೆಯಲ್ಲಿ ಸಂಸಾರ ಮಾಡಬೇಕು. ನಗು ಅಲ್ಲಿ ಹುಟ್ಟುತ್ತದೆ.

1948ರ ‘ಅಬಾಟ್ ಅಂಡ್ ಕಾಸ್ಟೆಲ್ಲೊ ಮೀಟ್ ಫ್ರಾಂಕನ್‌ಸ್ಟೈನ್’ ನೋಡಿದರೆ ಇದು ಗೊತ್ತಾಗುತ್ತದೆ. ಯೂನಿವರ್ಸಲ್ ಕಂಪನಿಯವರು ತಮ್ಮದೇ ಭಯದ ಸಿನಿಮಾಗಳ ಡ್ರಾಕುಲಾ, ತೋಳಮಾನವ, ಫ್ರಾಂಕನ್‌ಸ್ಟೈನ್‌ನ ರಾಕ್ಷಸ ಮೂವರನ್ನೂ ಹಾಸ್ಯಜೋಡಿಯ ಜೊತೆ ಸೇರಿಸಿದರು. ಡ್ರಾಕುಲಾ ಆಗಿದ್ದವರು ಬೆಲಾ ಲುಗೋಸಿ. ಅವರು ಅಲ್ಲಿ ಒಮ್ಮೆಯೂ ತಮಾಷೆ ಮಾಡುವುದಿಲ್ಲ. ಭಯದ ಸಿನಿಮಾದಲ್ಲಿ ಹೇಗೆ ನಿಂತಿದ್ದರೋ ಅಷ್ಟೇ ಗತ್ತಿನಲ್ಲಿ ನಿಲ್ಲುತ್ತಾರೆ. ಅದಕ್ಕೇ ಎದುರಿಗಿರುವವರ ಪಾಡು ನೋಡಿ ನಗು ಉಕ್ಕುತ್ತದೆ.

ಮೊದಲ ಹೆಜ್ಜೆ: ಸಿನಿಮಾ ಆರಿಸುವುದು

ಕೇಳುವವರೆಲ್ಲ ನೋಡಿರಬೇಕು. ಇದು ಮೊದಲ ಷರತ್ತು. ನಿಮಗೆ ಎಷ್ಟೇ ಇಷ್ಟವಾದ ಸಿನಿಮಾ ಆಗಿರಲಿ, ಅಜ್ಜಿಗೂ ಗೊತ್ತಿಲ್ಲ, ಚಿಕ್ಕಪ್ಪನ ಮಗನಿಗೂ ಗೊತ್ತಿಲ್ಲ ಅಂದರೆ ಬಿಟ್ಟುಬಿಡಿ. ಕಥೆ ವಿವರಿಸಲು ಕೂತರೆ ಆಟ ಅಲ್ಲೇ ಮುಗಿಯುತ್ತದೆ.

ಎರಡನೇ ಷರತ್ತು ಇನ್ನೂ ಮುಖ್ಯ. ಹೀರೋಗೆ ಒಂದು ಗಟ್ಟಿ ಹಠ ಇರಬೇಕು, ಏನೇ ಆದರೂ ಬಿಡದ ಒಂದು ಗುಣ. ಪರೀಕ್ಷೆ ಸುಲಭ: ‘ಅವನು ಯಾವಾಗಲೂ...’ ಅಂತ ಶುರು ಮಾಡಿ ಮೂರು ಜನರ ಹತ್ತಿರ ವಾಕ್ಯ ಮುಗಿಸಿ ಅನ್ನಿ. ಮೂವರೂ ಹೆಚ್ಚುಕಮ್ಮಿ ಒಂದೇ ಹೇಳಿದರೆ ಆ ಸಿನಿಮಾ ಸಿಕ್ಕಿತು ಅಂತಲೇ.

‘ಕಸ್ತೂರಿ ನಿವಾಸ’ (1971) ತಗೊಳ್ಳಿ. ದೊರೆ-ಭಗವಾನ್ ನಿರ್ದೇಶನ, ರಾಜ್‌ಕುಮಾರ್ ಬೆಂಕಿಪೊಟ್ಟಣ ಕಾರ್ಖಾನೆಯ ಒಡೆಯ. ಯಾವಾಗಲೂ ಕೊಡುತ್ತಾನೆ, ಯಾರ ಮುಂದೆಯೂ ಕೈಚಾಚುವುದಿಲ್ಲ. ಸಿದ್ದಲಿಂಗಯ್ಯನವರ ‘ಬಂಗಾರದ ಮನುಷ್ಯ’ (1972) ನೋಡಿ. ರಾಜೀವ ಯಾವಾಗಲೂ ಆಗದ ಕೆಲಸವನ್ನು ಮಾಡಿ ತೋರಿಸುತ್ತಾನೆ, ಬಂಜರು ಭೂಮಿಯಾದರೂ ಸರಿ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಇದೆ. ರಾಮಾಚಾರಿ ಊರಿಗೆಲ್ಲ ಕೆರಳುತ್ತಾನೆ, ಚಾಮಯ್ಯ ಮೇಷ್ಟ್ರ ಒಂದು ಮಾತಿಗೆ ತಲೆಬಾಗುತ್ತಾನೆ. ಈ ಮೂರೂ ಚಿನ್ನ. ಕೊಡುವವನು, ಛಲಗಾರ, ಒಬ್ಬರ ಮಾತಿಗೆ ಮಾತ್ರ ಬಗ್ಗುವವನು. ದೆವ್ವ ಬಂದರೂ ಇವರ ಗುಣ ಬದಲಾಗುವುದಿಲ್ಲ ಅಂತ ಕೇಳುವವರಿಗೆ ಮೊದಲೇ ಗೊತ್ತಿರುತ್ತದೆ.

ಮೊದಲೇ ದೆವ್ವ ಇರುವ ಸಿನಿಮಾ ಬೇಡ. ‘ನಾ ನಿನ್ನ ಬಿಡಲಾರೆ’ (1979), ‘ಆಪ್ತಮಿತ್ರ’ (2004) ಇವುಗಳಿಗೆ ಇನ್ನೊಂದು ದೆವ್ವ ಸೇರಿಸಿದರೆ ಸುಮ್ನೆ ಗದ್ದಲವಾಗುತ್ತದೆ. ಮೊದಲೇ ಹಾಸ್ಯವಾಗಿರುವ ಸಿನಿಮಾವೂ ಬೇಡ. ಗಂಭೀರವಾಗಿದ್ದಷ್ಟೂ ಒಳ್ಳೆಯದು.

‘ಶರಪಂಜರ’ (1971) ಬಗ್ಗೆ ಬೇರೆ ಮಾತು. ನಮ್ಮ ಕೊಡಗಿನ ಕಾವೇರಿಯ ಹಾಡು ಇರುವ ಸಿನಿಮಾ ಅಂತ ಇಲ್ಲಿ ಎಲ್ಲರಿಗೂ ಅದರ ಮೇಲೆ ಪ್ರೀತಿ. ಆದರೆ ಅದು ಹೆರಿಗೆಯಾದ ಮೇಲೆ ಮನಸ್ಸಿನ ಕಾಯಿಲೆಗೆ ಬಿದ್ದು, ಗುಣವಾಗಿ ಬಂದರೂ ಮನೆಯವರ ಅನುಮಾನದಲ್ಲಿ ಬೇಯುವ ಹೆಣ್ಣಿನ ಕಥೆ. ಕಲ್ಪನಾ ಅವರ ಆ ಮುಖವನ್ನು ದೆವ್ವದ ತಮಾಷೆಗೆ ಎಳೆಯಬೇಡಿ. ಕಾಯಿಲೆಯನ್ನು ‘ಮೈಮೇಲೆ ಬಂದಿದೆ’ ಅಂತ ನಗಾಡಿದ್ದು ನಮ್ಮ ಊರುಗಳಲ್ಲಿ ಮೊದಲೇ ಜಾಸ್ತಿಯಾಗಿದೆ.

ಎರಡನೇ ಹೆಜ್ಜೆ: ದೆವ್ವದ ನಿಯಮ ಬರೆದುಕೊಳ್ಳುವುದು

ಒಂದೇ ದೆವ್ವ. ಎರಡು ಬೇಡ. ಅದರ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ, ಬಾಯಲ್ಲಿ ಇಟ್ಟುಕೊಳ್ಳಬೇಡಿ. ಬರೆದಾಗಲೇ ಯಾವ ನಿಯಮ ಎಲ್ಲಿಗೆ ಬರುತ್ತದೆ ಅಂತ ಕಾಣುವುದು.

ರಕ್ತಪಿಶಾಚಿಯ ನಿಯಮಗಳು ಬಹಳ ಮಟ್ಟಿಗೆ ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ‘ಡ್ರಾಕುಲಾ’ದಿಂದ ನಮಗೆ ಬಂದಿವೆ. ಮನೆಯವರು ಕರೆಯದೆ ಮೊದಲ ಸಲ ಒಳಗೆ ಕಾಲಿಡುವಂತಿಲ್ಲ. ಬೆಳ್ಳುಳ್ಳಿ ಆಗದು. ಕನ್ನಡಿಯಲ್ಲಿ ಕಾಣುವುದಿಲ್ಲ. ಹರಿಯುವ ನೀರನ್ನು ಬೇಕೆಂದಾಗ ದಾಟಲಾರ. ಮಲಗಲು ತನ್ನ ಊರಿನ ಮಣ್ಣೇ ಬೇಕು, ಅದಕ್ಕೇ ಪೆಟ್ಟಿಗೆಗಟ್ಟಲೆ ಮಣ್ಣು ಹೊತ್ತು ತಿರುಗುತ್ತಾನೆ.

ಬಿಸಿಲಿಗೆ ಸಾಯುವ ನಿಯಮ ಮಾತ್ರ ಆ ಕಾದಂಬರಿಯದಲ್ಲ. ಅಲ್ಲಿ ಅವನು ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಕಡಿಮೆ ಅಷ್ಟೆ. ಬಿಸಿಲು ಬಿದ್ದೊಡನೆ ಕರಗುವುದನ್ನು ತಂದದ್ದು 1922ರ ಜರ್ಮನ್ ಮೂಕಿ ಚಿತ್ರ ‘ನೊಸ್ಫೆರಾಟು’. ನಿರ್ದೇಶಕ ಮುರ್ನಾವ್ ಅದನ್ನು ಸ್ಟೋಕರ್ ಕುಟುಂಬದ ಒಪ್ಪಿಗೆಯಿಲ್ಲದೆ ಹೆಸರು ಬದಲಿಸಿ ತೆಗೆದಿದ್ದರು. ಸ್ಟೋಕರ್ ಹೆಂಡತಿ ಕೋರ್ಟಿಗೆ ಹೋದರು, ಪ್ರತಿಗಳನ್ನೆಲ್ಲ ನಾಶಮಾಡಿ ಅಂತ ಆದೇಶವಾಯಿತು. ಕೆಲವು ಪ್ರತಿ ಹೇಗೋ ಉಳಿದವು. ದೆವ್ವದ ನಿಯಮ ಒಬ್ಬೊಬ್ಬರು ಒಂದೊಂದು ಸೇರಿಸುತ್ತಾ ಬೆಳೆದಿದೆ ಅಂತ ತಿಳಿದರೆ ನಿಮಗೂ ಧೈರ್ಯ ಬರುತ್ತದೆ. ನೀವೂ ಒಂದು ನಿಯಮ ಸೇರಿಸಬಹುದು. ಆದರೆ ಕಥೆ ಶುರುವಾಗುವ ಮೊದಲೇ ಸೇರಿಸಿ. ನಡುವೆ ಸೇರಿಸಿದರೆ ಮೋಸ ಅನ್ನಿಸುತ್ತದೆ.

ತೋಳಮಾನವನಿಗೆ ಬೆಳ್ಳಿ ಆಗದು. ಇದನ್ನು ಜನಪ್ರಿಯ ಮಾಡಿದ್ದು 1941ರ ‘ದಿ ವುಲ್ಫ್ ಮ್ಯಾನ್’. ಅದರಲ್ಲಿ ಅವನು ಬೆಳ್ಳಿ ಹಿಡಿಯ ಊರುಗೋಲಿನ ಏಟಿಗೆ ಬೀಳುತ್ತಾನೆ. ನಡೆದಾಡುವ ಹೆಣಗಳ ಈಗಿನ ರೂಪಕ್ಕೆ ಜಾರ್ಜ್ ರೊಮೆರೊ ಅವರ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಮೂಲ. ನಿಧಾನ ನಡಿಗೆ, ಬೆಂಕಿಯ ಭಯ, ಗುಂಪಾಗಿ ಬರುವುದು. ನಾವು ಕನ್ನಡದಲ್ಲೂ ಜೋಂಬಿ ಅಂತಲೇ ಕರೆಯುತ್ತೇವೆ, ಹಾಗೇ ಇರಲಿ.

ನಮ್ಮ ಕಡೆಯ ದೆವ್ವಗಳನ್ನು ಮರೆಯಬೇಡಿ. ಮೋಹಿನಿ, ಕೊಳ್ಳಿದೆವ್ವ, ಬ್ರಹ್ಮರಾಕ್ಷಸ ಎಲ್ಲಕ್ಕೂ ಅವುಗಳದೇ ಕಟ್ಟಳೆ ಇದೆ. ನನಗೆ ತುಂಬಾ ಇಷ್ಟ ಆ ‘ನಾಳೆ ಬಾ’ ಹೆಣ್ಣುದೆವ್ವ. ಬಾಗಿಲ ಮೇಲೆ ಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದರೆ ಓದಿಕೊಂಡು ವಾಪಸ್ ಹೋಗುತ್ತಿತ್ತಂತೆ. ಅಕ್ಷರ ಬಲ್ಲ, ಮಾತು ಕೇಳುವ ದೆವ್ವ. ಇದನ್ನು ‘ಸತ್ಯಹರಿಶ್ಚಂದ್ರ’ (1965) ಸಿನಿಮಾದೊಳಗೆ ಬಿಡಿ. ಎಲ್ಲರೂ ತಪ್ಪಿಸಿಕೊಳ್ಳಲು ‘ನಾಳೆ ಬಾ’ ಅಂತ ಬರೆಯುತ್ತಾರೆ. ಹರಿಶ್ಚಂದ್ರ ಬರೆದರೆ? ನಾಳೆ ಅವಳಿಗಾಗಿ ಬಾಗಿಲಲ್ಲಿ ಕಾದು ಕೂರುತ್ತಾನೆ. ಕೊಟ್ಟ ಮಾತು ಅಲ್ವಾ! ಅವಳು ಬರುತ್ತಾಳೆ, ಬಾಗಿಲಲ್ಲಿ ಇನ್ನೂ ‘ನಾಳೆ ಬಾ’ ಅಂತಲೇ ಇದೆ, ಹೊರಟುಬಿಡುತ್ತಾಳೆ. ಇವನು ಹಿಂದೆ ಓಡುತ್ತಾನೆ, ‘ತಾಯಿ, ನಿನ್ನೆಯ ನಾಳೆ ಇವತ್ತೇ, ದಯವಿಟ್ಟು ಬಾ’ ಅಂತ. ಮುಂದಿನದು ನೀವೇ ಕಟ್ಟಿ. ಅವನಿಗೆ ಮುಂದೆ ಸುಡುಗಾಡು ಕಾಯುವ ಕೆಲಸವೂ ಇದೆ ಅನ್ನುವುದು ನೆನಪಿರಲಿ.

ಮೂರನೇ ಹೆಜ್ಜೆ: ಗುಣಕ್ಕೂ ನಿಯಮಕ್ಕೂ ಗಂಟು ಹಾಕುವುದು

ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ಹೀರೋನ ಗುಣ ಮತ್ತು ಸಿನಿಮಾದಲ್ಲಿ ಎಲ್ಲರಿಗೂ ನೆನಪಿರುವ ವಸ್ತುಗಳು. ಬಲಗಡೆ ದೆವ್ವದ ನಿಯಮಗಳು. ಎಲ್ಲಿ ಒಂದಕ್ಕೊಂದು ತಾಗುತ್ತದೋ ಅಲ್ಲಿ ಗೆರೆ ಜೋಡಿಸಿ.

‘ಕಸ್ತೂರಿ ನಿವಾಸ’ಕ್ಕೆ ರಕ್ತಪಿಶಾಚಿ ಸೇರಿಸೋಣ. ಎಡಗಡೆ: ಯಾರಿಗೂ ಇಲ್ಲ ಅನ್ನದವನು, ಬೆಂಕಿಪೊಟ್ಟಣ, ಎಷ್ಟು ಬೀಳಿಸಿದರೂ ಎದ್ದು ಕೂರುವ ಗೊಂಬೆ, ಪಾರಿವಾಳ, ಒಂದೊಂದೇ ಕೈಬಿಟ್ಟು ಹೋಗುವ ಆಸ್ತಿ. ಬಲಗಡೆ: ಕರೆಯದೆ ಬರುವಂತಿಲ್ಲ, ರಕ್ತ ಬೇಕು, ಬೆಳ್ಳುಳ್ಳಿ ಬೇಡ, ಬಿಸಿಲು ಬೇಡ, ಸ್ವಂತ ಮಣ್ಣು ಬೇಕು.

ಮೊದಲ ಗೆರೆ ತಾನಾಗೇ ಬೀಳುತ್ತದೆ. ಕರೆಯದೆ ಬರಲಾಗದವನು, ಎಲ್ಲರನ್ನೂ ಕರೆಯುವವನ ಬಾಗಿಲಿಗೆ ಬಂದ. ರಕ್ತ ಕದಿಯುವವನು, ಕೇಳುವ ಮೊದಲೇ ಕೊಡುವವನ ಕೈಗೆ ಸಿಕ್ಕ. ಇನ್ನು ಭಯಪಡಬೇಕಾದವನು ಯಾರು? ದೆವ್ವವೇ. ಜೀವಮಾನವಿಡೀ ಕದ್ದು ಕುಡಿದವನಿಗೆ ಯಾರೋ ತಟ್ಟೆಯಲ್ಲಿಟ್ಟು ಬಡಿಸಿದರೆ ಅವನ ಗತಿ ಏನು? ಈ ಪ್ರಶ್ನೆ ಹುಟ್ಟಿತು ಅಂದರೆ ನಿಮ್ಮ ಮಿಶ್ರಕಥೆಗೆ ಬೆನ್ನೆಲುಬು ಸಿಕ್ಕಿತು. ಹುಟ್ಟದಿದ್ದರೆ ದೆವ್ವ ಬದಲಿಸಿ.

ಉದಾಹರಣೆಗೆ ಇದೇ ಸಿನಿಮಾಕ್ಕೆ ಜೋಂಬಿ ಹಾಕಿ ನೋಡಿ. ಜೋಂಬಿಗೆ ಬೆಂಕಿ ಭಯ, ಹೀರೋ ಬೆಂಕಿಪೊಟ್ಟಣ ಕಾರ್ಖಾನೆಯವನು. ಕೇಳಲು ಚೆನ್ನಾಗಿದೆ. ಕೊಡಗಿನ ಮಳೆಯಲ್ಲಿ ಕಡ್ಡಿ ತಂಡಿ ಹಿಡಿದು ಗೀರಿದರೆ ಹತ್ತುವುದೇ ಇಲ್ಲ ಅನ್ನುವ ಒಂದು ಒಳ್ಳೆಯ ನಗುವೂ ಸಿಗುತ್ತದೆ. ಆದರೆ ಅಲ್ಲಿಗೆ ನಿಂತುಹೋಗುತ್ತದೆ. ಅವನ ಕೊಡುವ ಗುಣಕ್ಕೆ ಜೋಂಬಿಯಿಂದ ಏನೂ ಆಗುವುದಿಲ್ಲ. ವಸ್ತು ತಾಗಿದರೆ ಸಾಲದು, ಗುಣ ತಾಗಬೇಕು.

ನಾಲ್ಕನೇ ಹೆಜ್ಜೆ: ಕಥೆಯನ್ನು ಕೊಡಗಿಗೆ ತರುವುದು

ಇಲ್ಲಿ ನಮಗೆ ಸಿಗುವಷ್ಟು ಸರಕು ಬೇರೆ ಯಾವ ಜಿಲ್ಲೆಗೂ ಸಿಗದು ಅಂತ ನನ್ನ ಗಟ್ಟಿ ನಂಬಿಕೆ. ಮನೆಯನ್ನು ನಾಪೋಕ್ಲು ಕಡೆಯ ಒಂದು ಕಾಫಿ ತೋಟಕ್ಕೆ ಸಾಗಿಸಿ. ತಿಂಗಳು ಕಕ್ಕಡ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ. ಈಗ ರಕ್ತಪಿಶಾಚಿಯ ಹಾಳೆಯನ್ನು ಮತ್ತೆ ಓದಿ.

ಬಿಸಿಲು ಆಗದು. ಕಕ್ಕಡದಲ್ಲಿ ಬಿಸಿಲೇ ಇಲ್ಲ. ಹಗಲಲ್ಲೇ ಆರಾಮಾಗಿ ತಿರುಗಬಹುದು. ಅವನಿಗೆ ಇದಕ್ಕಿಂತ ಒಳ್ಳೆಯ ಊರು ಬೇರೆ ಇಲ್ಲ ಅಂತ ಅವನೂ ಅಂದುಕೊಂಡೇ ಬಂದಿರುತ್ತಾನೆ.

ಹರಿಯುವ ನೀರು ದಾಟಲಾರ. ಕಕ್ಕಡದಲ್ಲಿ ಹರಿಯುವ ನೀರಿಲ್ಲದ ಜಾಗ ಎಲ್ಲಿದೆ? ಗದ್ದೆಯ ಬದುವಿನಲ್ಲಿ ನೀರಿನ ತೋಡು, ತೋಟದ ಚರಂಡಿಯಲ್ಲಿ ತೋಡು, ಅಂಗಳದಲ್ಲೂ ತೋಡು. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಉಕ್ಕಿದರೆ ರಸ್ತೆಯೇ ಮುಳುಗುತ್ತದೆ. ಅವನು ಬಚ್ಚಲಿಗೆ ಹೋಗಲೂ ಮಳೆ ನಿಲ್ಲುವುದನ್ನು ಕಾಯಬೇಕು.

ಸ್ವಂತ ಮಣ್ಣಿನ ಪೆಟ್ಟಿಗೆಯಲ್ಲಿ ಮಲಗಬೇಕು. ಚಪ್ಪಲಿ, ಬೆಲ್ಟು, ಪುಸ್ತಕ, ಗೋಡೆ ಎಲ್ಲಕ್ಕೂ ಬೂಷ್ಟು ಹಿಡಿಯುವ ತಿಂಗಳಲ್ಲಿ ಮರದ ಪೆಟ್ಟಿಗೆಗೆ ಹಿಡಿಯದೇ ಇರುತ್ತದೆಯೇ? ಮೂರೇ ದಿನಕ್ಕೆ ಪೆಟ್ಟಿಗೆಯೊಳಗೆ ಅಣಬೆ ಎದ್ದಿದೆ. ಕಪ್ಪು ನಿಲುವಂಗಿ ಒಣಗುವುದೇ ಇಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ನೇತುಹಾಕಿದ್ದಾರೆ. ಈಗ ಕೌಂಟ್ ಸಾಹೇಬರು ಹೊರಟರೆ ಹೊಗೆ ವಾಸನೆ ಮುಂಚೆ ಬರುತ್ತದೆ, ಹೊಂಚುಹಾಕಿ ಹಿಂದಿನಿಂದ ಬರುವ ಕಾಲ ಮುಗಿಯಿತು.

ಜಿಗಣೆ. ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು. ಶತಮಾನಗಳಿಂದ ಬೇರೆಯವರ ರಕ್ತ ಕುಡಿದವನ ಕಾಲಿಗೆ, ತೋಟದಲ್ಲಿ ನಡೆದು ಬರುವಷ್ಟರಲ್ಲಿ ಏಳೆಂಟು ಜಿಗಣೆ ಕಚ್ಚಿಕೊಂಡಿವೆ. ಅವು ಅಪ್ಪಣೆ ಕೇಳುವುದಿಲ್ಲ, ಬಾಗಿಲಲ್ಲಿ ನಿಲ್ಲುವುದಿಲ್ಲ, ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ತುಂಬಿದ ಮೇಲೆ ತಾವೇ ಉದುರುತ್ತವೆ. ಅವನು ನೂರಾರು ವರ್ಷ ಕಲಿತ ವಿದ್ಯೆಯನ್ನು ಅವು ಹುಟ್ಟುತ್ತಲೇ ಕಲಿತಿವೆ. ಕೂತು ನೋಡುತ್ತಾನೆ, ಉಪ್ಪು ಹಾಕಲು ಬಂದವರನ್ನು ತಡೆಯುತ್ತಾನೆ: ‘ಬೇಡ, ಕೆಲಸ ಗೊತ್ತಿದ್ದವು.’

ಬೆಳ್ಳುಳ್ಳಿ. ಪಂದಿಕರಿಗೆ, ಅಂದರೆ ನಮ್ಮ ಹಂದಿಮಾಂಸದ ಸಾರಿಗೆ, ಬೆಳ್ಳುಳ್ಳಿ ಹಾಕದ ಮನೆ ಹುಡುಕಿ ನೋಡಿ.

ಇನ್ನು ಕಕ್ಕಡ ಹದಿನೆಂಟು, ಆಗಸ್ಟ್ 3ರ ಸುಮಾರಿಗೆ ಬರುತ್ತದೆ. ಅಂದಿಗೆ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಅನ್ನುವುದು ಹಿರಿಯರ ಮಾತು. ಸೊಪ್ಪು ಕುದಿಸಿದರೆ ಕಡು ನೇರಳೆ ರಸ, ಅದರಲ್ಲಿ ಪಾಯಸ, ಪುಟ್ಟು. ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ ಅಂತ ಇಲ್ಲಿನ ಮಕ್ಕಳಿಗೂ ಗೊತ್ತು. ನಮ್ಮ ಅತಿಥಿಗೆ ಗೊತ್ತಿಲ್ಲ. ಎರಡು ಬಟ್ಟಲು ಪಾಯಸ ಹೊಡೆದು ಮಲಗಿದ್ದಾನೆ. ಬೆಳಗ್ಗೆ ಬಚ್ಚಲಿನಿಂದ ಕೂಗು. ಇಷ್ಟು ವರ್ಷ ಕುಡಿದದ್ದೆಲ್ಲ ಹೊರಟುಹೋಯಿತು ಅಂತ ಅವನ ಗಾಬರಿ.

ಇಷ್ಟೂ ನಮ್ಮ ದಿನನಿತ್ಯದ ವಿಷಯ. ಹೊಸದಾಗಿ ಏನನ್ನೂ ಕಟ್ಟಿಲ್ಲ. ನಿಮ್ಮ ಊರಿನದ್ದು ಬೇರೆ ಇರಬಹುದು. ಸೋಮವಾರಪೇಟೆ ಕಡೆಯವರಾದರೆ ಅಲ್ಲಿನ ಮಂಜು ತಗೊಳ್ಳಿ, ಸಿದ್ದಾಪುರದವರಾದರೆ ತೋಟಕ್ಕೆ ಬರುವ ಆನೆ, ಕುಶಾಲನಗರದವರಾದರೆ ಶನಿವಾರದ ಪ್ರವಾಸಿಗರ ಕಾರುಸಾಲು. ಹೋಮ್‌ಸ್ಟೇ ನಡೆಸುವವರ ಕೈಯಲ್ಲಂತೂ ಒಂದು ಗಣಿಯೇ ಇದೆ. ಕನ್ನಡಿಯಲ್ಲಿ ಕಾಣದ ಅತಿಥಿ ಸೆಲ್ಫಿ ತೆಗೆಯಲು ಹೊರಟರೆ ಏನಾಗುತ್ತದೆ ಅಂತ ಅವರನ್ನೇ ಕೇಳಿ.

ಐದನೇ ಹೆಜ್ಜೆ: ದೃಶ್ಯ ಕಟ್ಟುವುದು

ಮೂರು ದೃಶ್ಯ ಸಾಕು. ಪ್ರತಿ ದೃಶ್ಯದಲ್ಲೂ ಹೀರೋ ತನ್ನ ಗುಣವನ್ನು ಇನ್ನೂ ಒಂದು ಮೆಟ್ಟಿಲು ಮೇಲೆ ಕೊಂಡೊಯ್ಯಬೇಕು, ದೆವ್ವ ಇನ್ನೂ ಒಂದು ಮೆಟ್ಟಿಲು ಇಳಿಯಬೇಕು. ಮೊದಲ ದೃಶ್ಯವನ್ನು ಪೂರ್ತಿ ಬರೆದು ತೋರಿಸುತ್ತೇನೆ.

ರಾತ್ರಿ. ಜಡಿಮಳೆ. ರಕ್ತಪಿಶಾಚಿ ಬಾಗಿಲಲ್ಲಿ ನಿಂತಿದ್ದಾನೆ. ಒಳಗೆ ಕರೆಸಿಕೊಳ್ಳಲು ಹೇಳಬೇಕಾದ ಸುಳ್ಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಾನೆ. ಬಾಗಿಲು ತೆರೆಯುತ್ತದೆ.

‘ಬನ್ನಿ, ಒಳಗೆ ಬನ್ನಿ. ತುಂಬಾ ನೆನೆದಿದ್ದೀರಿ.’

‘ನಾನು ಯಾರು ಅಂತ...’

‘ಅದೆಲ್ಲ ಆಮೇಲೆ. ಮೊದಲು ಬೆಂಕಿ ಹತ್ತಿರ ಕೂತ್ಕೊಳ್ಳಿ.’

‘ನನ್ನ ಗಾಡಿ ಕೆಟ್ಟುಹೋಗಿದೆ, ಈ ರಾತ್ರಿ...’ ಅವನು ಸುಳ್ಳು ಬಿಡಲೊಲ್ಲ, ಅಷ್ಟು ಕಷ್ಟಪಟ್ಟು ಕಲಿತಿದ್ದಾನೆ.

‘ಗಾಡಿ ಬೇಕೇ? ನನ್ನದು ತಗೊಂಡು ಹೋಗಿ. ವಾಪಸ್ ಕೊಡುವುದೇನೂ ಬೇಡ.’

ಹಿಂದೆ ನಿಂತ ಹಳೆ ಆಳು ತಲೆ ಚಚ್ಚಿಕೊಳ್ಳುತ್ತಾನೆ. ಕೀ ಕೈಗೆ ಬಂದಿದೆ. ಪಿಶಾಚಿ ಕೀ ನೋಡುತ್ತಾನೆ, ಒಡೆಯನ ಕುತ್ತಿಗೆ ನೋಡುತ್ತಾನೆ, ಮತ್ತೆ ಕೀ ನೋಡುತ್ತಾನೆ.

‘ಊಟ?’

‘ನಾನು... ಅದೆಲ್ಲ ತಿನ್ನುವುದಿಲ್ಲ.’

‘ಮತ್ತೆ ಏನು ತಿನ್ನುತ್ತೀರಿ?’

ಬಹಳ ಹೊತ್ತು ಮೌನ. ಕೊನೆಗೆ ತಲೆತಗ್ಗಿಸಿ ಹೇಳುತ್ತಾನೆ. ಒಡೆಯ ಒಂದು ಮಾತೂ ಆಡದೆ ಅಂಗಿಯ ತೋಳು ಮಡಚಲು ಶುರು ಮಾಡುತ್ತಾನೆ.

‘ಎಷ್ಟು ಬೇಕು?’

ಇಲ್ಲಿಗೆ ದೃಶ್ಯ ಕತ್ತರಿಸಿ. ಪಿಶಾಚಿಯ ಉತ್ತರ ಬೇಡ. ಗಮನಿಸಿ, ಇಬ್ಬರೂ ತಮಾಷೆ ಮಾಡುತ್ತಿಲ್ಲ. ಒಬ್ಬ ಮನಸಾರೆ ಕೊಡುತ್ತಿದ್ದಾನೆ, ಇನ್ನೊಬ್ಬನಿಗೆ ನಿಜಕ್ಕೂ ನಾಚಿಕೆಯಾಗುತ್ತಿದೆ. ‘ಹ್ಹ ಹ್ಹ ಹ್ಹ’ ಅಂತ ಅಟ್ಟಹಾಸ ಹಾಕಿಸಿದಿರೋ, ಎಲ್ಲ ಕೆಟ್ಟಿತು.

ಎರಡನೇ ದೃಶ್ಯ: ಬೂಷ್ಟು ಹಿಡಿದ ಪೆಟ್ಟಿಗೆ ನೋಡಿ ಒಡೆಯ ತನ್ನ ಮಂಚವನ್ನೇ ಬಿಟ್ಟುಕೊಡುತ್ತಾನೆ, ತಾನು ಹೋಗಿ ಪೆಟ್ಟಿಗೆಯಲ್ಲಿ ಮಲಗುತ್ತಾನೆ. ಬೆಳಗ್ಗೆ ಕಾಫಿ ತಂದ ಆಳು ಪೆಟ್ಟಿಗೆಯಲ್ಲಿ ಧಣಿಯನ್ನು ನೋಡಿ ಅಳಲು ಶುರು ಮಾಡುತ್ತಾನೆ, ಊರೇ ಸೇರುತ್ತದೆ, ಧಣಿ ಎದ್ದು ಕೂತು ಎಲ್ಲರಿಗೂ ಕಾಫಿ ಕೊಡು ಅನ್ನುತ್ತಾನೆ. ಬೀಳಿಸಿದರೂ ಏಳುವ ಗೊಂಬೆಯನ್ನು ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟಿರಿ. ವಿವರಿಸಬೇಡಿ, ಸಿನಿಮಾ ನೋಡಿದವರಿಗೆ ಅರ್ಥವಾಗುತ್ತದೆ. ಮೂರನೆಯದರಲ್ಲಿ ವಿಷಯ ಊರಾಚೆ ಹಬ್ಬಿ, ಪಿಶಾಚಿಯ ನೆಂಟರಿಷ್ಟರೆಲ್ಲ ಬಸ್ಸಿಳಿದು ಸಾಲಾಗಿ ಬರುತ್ತಾರೆ. ಪಾಯಸದ ಪ್ರಸಂಗವನ್ನು ಇಲ್ಲಿಗೆ ಇಟ್ಟುಕೊಳ್ಳಿ. ಒಬ್ಬನ ಕೂಗಿಗಿಂತ ಹನ್ನೆರಡು ಜನರ ಕೂಗು ಜೋರು.

ಆರನೇ ಹೆಜ್ಜೆ: ಮುಗಿಸುವುದು

ಮೂಲ ಸಿನಿಮಾ ಹೇಗೆ ಮುಗಿಯುತ್ತದೋ ಮಿಶ್ರಕಥೆಯೂ ಅದೇ ಜಾಗಕ್ಕೆ ಬಂದು ನಿಲ್ಲಬೇಕು. ಇದನ್ನು ಯಾರೂ ಪಾಲಿಸುವುದಿಲ್ಲ. ಪಾಲಿಸಿದರೆ ಕೇಳುವವರು ನಗುತ್ತಲೇ ಒಂದು ಕ್ಷಣ ಗಂಟಲು ಸರಿಮಾಡಿಕೊಳ್ಳುತ್ತಾರೆ. ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು ಆ ಕ್ಷಣ.

ನಮ್ಮ ಪಿಶಾಚಿಗೆ ಕೊನೆಗೆ ಬುದ್ಧಿ ಬರುತ್ತದೆ. ಒಡೆಯ ಬಿಳಿಚಿಕೊಂಡು ಮಲಗಿದ್ದಾನೆ. ಕುಡಿದ ರಕ್ತ ಹಿಂದಕ್ಕೆ ಕೊಡುತ್ತೇನೆ ಅಂತ ಇವನು ಬಾಗಿಲಿಗೆ ಬರುತ್ತಾನೆ. ಒಡೆಯ ಕೈ ಮುಗಿದು ಬೇಡ ಅನ್ನುತ್ತಾನೆ, ಕೊಟ್ಟದ್ದನ್ನು ವಾಪಸ್ ಪಡೆಯುವ ಅಭ್ಯಾಸ ಆ ಮನೆಗಿಲ್ಲ. ಪಿಶಾಚಿಗೆ ಬದುಕು ಸಾಕಾಗುತ್ತದೆ. ಸೂರ್ಯ ಹುಟ್ಟಿದರೆ ಕರಗಿಹೋಗುತ್ತೇನೆ ಅಂತ ಅಂಗಳದಲ್ಲೇ ನಿಲ್ಲುತ್ತಾನೆ. ಬೆಳಗಾಗುತ್ತದೆ. ಕಕ್ಕಡ ಅಲ್ವಾ, ಸೂರ್ಯನೇ ಬರುವುದಿಲ್ಲ. ಮಧ್ಯಾಹ್ನವಾಗುತ್ತದೆ, ಸಂಜೆಯಾಗುತ್ತದೆ. ಒಳಗಿನಿಂದ ಆಳಿನ ದನಿ: ‘ಕೊಡೆ ಕೊಡಲಾ ಅಂತ ಧಣಿ ಕೇಳ್ತಾ ಇದ್ದಾರೆ.’

‘ಬಂಗಾರದ ಮನುಷ್ಯ’ಕ್ಕೂ ಇದೇ ದಾರಿ. ರಾಜೀವ ಬಂಜರು ಅಗೆಯುತ್ತಾನೆ, ಮಣ್ಣಿನಿಂದ ಒಂದು ಕೈ ಮೇಲೆ ಬರುತ್ತದೆ. ಅವನು ಅದಕ್ಕೆ ಗುದ್ದಲಿ ಕೊಡುತ್ತಾನೆ. ಸತ್ತವರೂ ದುಡಿದರೆ ಬದುಕುತ್ತಾರೆ ಅನ್ನುವ ಛಲ ಅವನದು. ಜೋಂಬಿಗಳು ಕಾಫಿ ಗುಂಡಿ ತೋಡುತ್ತವೆ, ನಿಧಾನ, ಆದರೆ ಟೀ ಬಿಡುವು ಕೇಳುವುದಿಲ್ಲ. ಕೊನೆಗೆ ಮನೆಯವರ ಮಾತಿಗೆ ನೊಂದು ಅವನು ಎಲ್ಲ ಬಿಟ್ಟು ಹೊರಡುತ್ತಾನೆ. ಜೋಂಬಿಗಳೂ ಹಿಂದೆ ಹೊರಡುತ್ತವೆ. ಅವುಗಳ ನಡಿಗೆಗೆ ತೋಟದ ಗೇಟು ತಲುಪಲು ಮಾರನೇ ಬೆಳಗ್ಗೆಯಾಗುತ್ತದೆ. ಅಷ್ಟು ಹೊತ್ತಿಗೆ ಅವನು ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿಲ್ಲ. ಗೇಟಿನ ಹತ್ತಿರ ಸಾಲಾಗಿ ನಿಂತು ದಾರಿ ನೋಡುತ್ತವೆ.

‘ನಾಗರಹಾವು’ ಚಿತ್ರದುರ್ಗದ ಬಂಡೆಗಳ ಕಥೆ, ಅದನ್ನು ಅಲ್ಲಿಂದ ಕೀಳಬೇಡಿ. ಬದಲಿಗೆ ತೋಳಮಾನವನಾದ ರಾಮಾಚಾರಿಯನ್ನು ಕೊಡವರ ಮದುವೆಯೊಂದಕ್ಕೆ ನೆಂಟನಾಗಿ ಕರೆಸಿ. ಹುಣ್ಣಿಮೆ ರಾತ್ರಿ ಮೈ ಬದಲಾಗಿದೆ, ಗರ್ಜಿಸಿ ಮಂಟಪಕ್ಕೆ ನುಗ್ಗುತ್ತಾನೆ. ನೋಡಿದರೆ ಕೊಡವ ಉಡುಪು ಕುಪ್ಯಚೇಲೆ ತೊಟ್ಟ ಗಂಡಸರೆಲ್ಲರ ಸೊಂಟದಲ್ಲೂ ಬೆಳ್ಳಿ ಕೆಲಸದ ಪೀಚೆಕತ್ತಿ. ಎದುರಿಗೆ ಒಡಿಕತ್ತಿ ಎತ್ತಿ ಒಂದೇ ಏಟಿಗೆ ಬಾಳೆದಿಂಡು ಕಡಿಯುತ್ತಿದ್ದಾರೆ. ಮೂಲೆಯಲ್ಲಿ ಬಾಲ ಮಡಚಿ ಕೂತವನನ್ನು ಮೇಷ್ಟ್ರು ನೋಡುತ್ತಾರೆ: ‘ರಾಮಾಚಾರಿ, ಊಟಕ್ಕೆ ಏಳು.’ ಏಳುತ್ತಾನೆ. ಮೂಲ ಕಥೆಯಲ್ಲಿ ಮೇಷ್ಟ್ರ ಮಾತಿಗೆ ತಲೆಬಾಗಿದ್ದೇ ಅವನಿಗೆ ಮುಳುವಾಗುತ್ತದೆ. ಆ ನೆರಳು ನಿಮ್ಮ ಕಥೆಯ ಕೊನೆಗೂ ಸ್ವಲ್ಪ ಬೀಳಲಿ.

ಏಳನೇ ಹೆಜ್ಜೆ: ಹೆಸರು, ಪೋಸ್ಟರ್

ಹೆಸರಿನಲ್ಲಿ ಒಂದೇ ಅಕ್ಷರ ಅಥವಾ ಒಂದೇ ಪದ ಬದಲಾಗಲಿ. ‘ರಕ್ತೂರಿ ನಿವಾಸ’, ‘ಬಂಗಾರದ ಅಮನುಷ್ಯ’, ‘ನಾಗರತೋಳ’. ಮೂಲ ಹೆಸರು ಕಿವಿಗೆ ಬೀಳಲೇಬೇಕು.

ಪೋಸ್ಟರ್ ಕೈಯಲ್ಲೇ ಬಿಡಿಸಿ. ಮೂಲ ಚಿತ್ರದ ಫೋಟೊ, ಹಾಡು ಹಾಕಿ ಹಂಚಬೇಡಿ, ಅದಕ್ಕೆ ಹಕ್ಕುದಾರರಿದ್ದಾರೆ. ಕೈಬರಹದ ದಪ್ಪ ಅಕ್ಷರ, ಮೂಲೆಯಲ್ಲಿ ಅಳುತ್ತಿರುವ ಒಂದು ಮುಖ, ಕೆಳಗೆ ‘ಸಕುಟುಂಬ ಸಮೇತರಾಗಿ ನೋಡಿ ಹೆದರಿ’ ಅಂತ ಒಂದು ಸಾಲು. ಮೂಲ ಕಪ್ಪುಬಿಳುಪಾದರೆ ಪೋಸ್ಟರ್ ಕ‌ೂಡ ಕಪ್ಪುಬಿಳುಪೇ ಇರಲಿ. ಮೆಲ್ ಬ್ರೂಕ್ಸ್ 1974ರಲ್ಲಿ ‘ಯಂಗ್ ಫ್ರಾಂಕನ್‌ಸ್ಟೈನ್’ ತೆಗೆದಾಗ ಬಣ್ಣದ ಕಾಲದಲ್ಲೂ ಕಪ್ಪುಬಿಳುಪೇ ಬೇಕೆಂದು ಹಠ ಹಿಡಿದರು. 1931ರ ಮೂಲ ಚಿತ್ರದ ಪ್ರಯೋಗಶಾಲೆಯ ಸಲಕರಣೆಗಳನ್ನೇ ಹುಡುಕಿ ತಂದು ಬಳಸಿದರು. ಮೂಲದ ಮೇಲೆ ಅಷ್ಟು ಪ್ರೀತಿ ಇದ್ದವರಿಗೆ ಅದನ್ನು ತಮಾಷೆ ಮಾಡುವ ಹಕ್ಕೂ ಬರುತ್ತದೆ.

ಎಂಟನೇ ಹೆಜ್ಜೆ: ಹೇಳುವುದು

ಹತ್ತು ನಿಮಿಷ ಮೀರಬೇಡಿ. ಒಬ್ಬರು ಕಥೆ ಹೇಳಲಿ, ಇನ್ನೊಬ್ಬರು ದೆವ್ವದ ಮಾತು ಮಾತ್ರ ಆಡಲಿ. ದೆವ್ವದ ಮಾತಿಗೆ ಮನೆಯಲ್ಲಿ ಅತಿ ಗಂಭೀರವಾಗಿರುವವರನ್ನು ಹಿಡಿಯಿರಿ. ನಿವೃತ್ತ ಮೇಷ್ಟ್ರು, ಲೆಕ್ಕ ಬರೆಯುವ ತೋಟದ ರೈಟರ್, ದೊಡ್ಡಪ್ಪ. ನಗದೆ ಹೇಳುವವರು ಬೇಕು.

ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಮಡಿಕೇರಿ ದಸರಾದಲ್ಲಿ ಕಲಿಯಬಹುದು. ವಿಜಯದಶಮಿಯ ರಾತ್ರಿ ದಶಮಂಟಪಗಳು ಹೊರಟಾಗ ಒಂದರ ಹತ್ತಿರ ಮೊದಲಿಂದ ಕೊನೆತನಕ ನಿಂತು ನೋಡಿ. ಅಸುರ ಒಮ್ಮೆಗೇ ಎದ್ದು ಬರುವುದಿಲ್ಲ. ಮೊದಲು ಹೊಗೆ, ಆಮೇಲೆ ಸದ್ದು, ಆಮೇಲೆ ಕಣ್ಣಿನ ದೀಪ ಮಾತ್ರ. ಜನ ಕತ್ತು ಚಾಚಿದ ಮೇಲೆ ಇಡೀ ಮೂರ್ತಿ ಏಳುತ್ತದೆ. ದೇವರ ಕಥೆಯನ್ನು ಅಲ್ಲೇ ಬಿಡಿ, ಆ ತಡೆಯುವ ಕಲೆ ಮಾತ್ರ ತಗೊಂಡು ಬನ್ನಿ. ‘ಎಷ್ಟು ಬೇಕು?’ ಅನ್ನುವ ಮಾತಿನ ಮುಂಚೆ ಅಂಗಿಯ ತೋಳನ್ನು ಒಂದೊಂದೇ ಮಡಿಕೆ ಮಡಚಿ.

ಚಿಕ್ಕ ಮಕ್ಕಳಿದ್ದರೆ ದೆವ್ವ ಆದಷ್ಟು ಬೇಗ ಪೇಚಿಗೆ ಸಿಕ್ಕಲಿ. ಜಿಗಣೆ ಪ್ರಸಂಗವನ್ನು ಮೊದಲಿಗೇ ತನ್ನಿ. ಪಿಶಾಚಿ ಕಾಲು ಕೆರೆದುಕೊಳ್ಳುವುದನ್ನು ಕೇಳಿದ ಮಗು ರಾತ್ರಿ ಹೆದರುವುದಿಲ್ಲ.

ಮುಟ್ಟಬಾರದ ಜಾಗಗಳು

ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಕೈಮಡ ಅಂದರೆ ಹಿರಿಯರ ಗುಡಿ, ಕಾರೋಣ ಅಂದರೆ ಕುಟುಂಬದ ಮೂಲಪುರುಷ, ದೈವದ ತೆರೆ ಕುಣಿತ ಇವು ದೆವ್ವದ ಕಥೆಯ ಸರಕಲ್ಲ. ಅಲ್ಲಿರುವವರು ನಮ್ಮ ಹಿರಿಯರು, ನಾವು ನಡೆದುಕೊಳ್ಳುವ ದೈವಗಳು. ಹೊರಗಿನಿಂದ ಬಂದವರು ಇವನ್ನೆಲ್ಲ ‘ಕೊಡಗಿನ ಭೂತ’ ಅಂತ ಕಥೆ ಕಟ್ಟುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ನಾವೇ ಆ ಕೆಲಸ ಮಾಡುವುದು ಬೇಡ.

ಗುಡ್ಡ ಕುಸಿಯುವುದನ್ನು ತಮಾಷೆಗೆ ಬಳಸಬೇಡಿ. 2018ರ ಆಗಸ್ಟಿನಲ್ಲಿ ಮನೆ, ತೋಟ, ಮನೆಯವರನ್ನು ಕಳೆದುಕೊಂಡವರು ನಿಮ್ಮ ಕಥೆ ಕೇಳುವವರ ನಡುವೆಯೇ ಇರಬಹುದು. ಮಳೆಯಲ್ಲಿ ನಗುವುದಕ್ಕೆ ಬೂಷ್ಟು, ಜಿಗಣೆ, ಒಣಗದ ಬಟ್ಟೆ ಬೇಕಾದಷ್ಟಿವೆ. ಆನೆ ತರುವುದಾದರೂ ದೆವ್ವವನ್ನು ಓಡಿಸುವ ಆನೆಯಾಗಿರಲಿ, ಆಳನ್ನು ತುಳಿಯುವ ಆನೆ ಬೇಡ. ತೋಟದ ಕೆಲಸಗಾರರ ಲೈನ್‌ಮನೆಯಲ್ಲಿ ಇರುವವರನ್ನು ಜೋಂಬಿ ಮಾಡಬೇಡಿ. ಮೇಲಿನ ರಾಜೀವನ ಕಥೆಯಲ್ಲಿ ಜೋಂಬಿಗಳು ಎದ್ದು ಬಂದದ್ದು ಮಣ್ಣಿನಿಂದ, ಅದನ್ನು ಹೇಳುವಾಗ ಸ್ಪಷ್ಟವಾಗಿ ಹೇಳಿ. ಊರಿನ ಯಾವುದೋ ಪಾಳುಮನೆಯ ಹೆಸರು ಹೇಳಿ ಅಲ್ಲಿ ದೆವ್ವ ಇದೆ ಅಂದರೆ ನಾಳೆ ಅದನ್ನು ಮಾರಲು ಹೊರಟವರಿಗೆ ತೊಂದರೆ. ಮನೆಗೆ ಸುಳ್ಳು ಹೆಸರೇ ಇಡಿ.

ಶುರು ಮಾಡುವವರಿಗೆ ಒಂದು ಸಲಹೆ. ಮೊದಲ ಸಲ ಹೊಸ ಜೋಡಿ ಹುಡುಕಲು ಹೋಗಬೇಡಿ. ಇಲ್ಲಿ ಅರ್ಧಕ್ಕೆ ಬಿಟ್ಟಿರುವ ಹರಿಶ್ಚಂದ್ರನ ಕಥೆ ತಗೊಂಡು, ‘ನಾಳೆ ಬಾ’ ದೆವ್ವ ಎರಡನೇ ದಿನ ಏನು ಮಾಡುತ್ತಾಳೆ ಅಂತ ಮನೆಯಲ್ಲಿ ಒಬ್ಬೊಬ್ಬರನ್ನೇ ಕೇಳುತ್ತಾ ಬನ್ನಿ. ಸರದಿ ಹಿರಿಯರಿಂದ ಶುರುವಾಗಲಿ. ಅವರು ಆ ಸಿನಿಮಾವನ್ನು ಟಾಕೀಸಿನಲ್ಲಿ ನೋಡಿದವರು.